ಏತದಂತೆ ಏರಿಳಿಯುವ ಬಟ್ಟಲು

ಶಿವನಸಮುದ್ರದಲ್ಲಿ ಚುರುಗುಟ್ಟುವ ಬಿಸಿಲಿದ್ದರೂ ಗಗನಚುಕ್ಕಿ ಜಲಪಾತ ಭೋರ್ಗರೆಯಬಹುದು. ಮಳೆ ಸುರಿದದ್ದು ದೂರದ ಕೊಡಗಿನಲ್ಲಿ. ಆ ಸುದ್ದಿಯನ್ನು ಹೊಳೆಗಿಂತ ಮೊದಲೇ ಮುಟ್ಟಿಸುವ ಮಳೆಮಾಪಕವೆಂದರೆ ನನಗೆ ಬಲು ಅಚ್ಚುಮೆಚ್ಚು. ಆಲಿಕೆಯ ಕೆಳಗೆ ಏತದಂತೆ ಏರಿಳಿಯುವ ಜೋಡಿ ಬಟ್ಟಲು: ಒಂದು ತುಂಬಿ ಮಗುಚಿದರೆ ಇನ್ನೊಂದು ಮೇಲೇಳುತ್ತದೆ, ಮಗುಚಿದಾಗಲೆಲ್ಲ ಒಂದು ಎಣಿಕೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂಥವನ್ನು ಪಂಚಾಯಿತಿ ಪಂಚಾಯಿತಿಗೂ ನೆಟ್ಟಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಈ ಸೀಮೆಯಲ್ಲೂ ಮಾಪಕ ಲೈನನ್ನು ನೆಚ್ಚಿಕೊಂಡಿಲ್ಲ: ಹಗಲಿಗೆ ಸೋಲಾರ್ ಹಲಗೆ, ಇರುಳಿಗೆ ಬ್ಯಾಟರಿ. ಆಲಿಕೆಯಲ್ಲಿ ತರಗೆಲೆ ಕೂತು, ಜೇಡ ಬಲೆ ಕಟ್ಟಿ ಎಣಿಕೆ ತಪ್ಪಿದರೆ? ಪಕ್ಕದ ಪಂಚಾಯಿತಿಯ ಲೆಕ್ಕದ ಜೊತೆ ಹೋಲಿಸಿದರೆ ತಪ್ಪು ಸಿಕ್ಕಿಬೀಳುತ್ತದೆ. ಅದಕ್ಕೂ ಮೇಲೆ, ಬೆಳಗ್ಗೆ 8.30ಕ್ಕೆ ಅಳತೆಗಾಜಿಗೆ ನೀರು ಬಗ್ಗಿಸಿ, ಕಣ್ಣಮಟ್ಟಕ್ಕೆ ಹಿಡಿದು ಮಿಲಿಮೀಟರ್ ಬರೆದಿಡುವ ಹಳೆಯ ಕೈಮಾಪಕದವರೂ ಇದ್ದಾರೆ.