ಪಿಯರ್ಸ್ ಮೇಷ್ಟ್ರ ಸಿಲಬಸ್

ಪ್ಯಾಟ್ರಿಕ್ ಪಿಯರ್ಸ್ ಬರೆದ ‘ದ ಮರ್ಡರ್ ಮೆಷೀನ್’ ಸಣ್ಣ ಪುಸ್ತಿಕೆ, ಒಂದೇ ಪಟ್ಟಿಗೆ ಕೂತು ಓದಿ ಮುಗಿಸಬಹುದು. ಹೆಸರು ನೋಡಿ ಪತ್ತೇದಾರಿ ಕಾದಂಬರಿ ಅಂದ್ಕೋಬೇಡಿ. ಕೊಲೆಗಡುಕ ಯಂತ್ರ ಅಂತ ಅವರು ಕರೆದದ್ದು ಬ್ರಿಟಿಷರು ಐರ್ಲೆಂಡಿನಲ್ಲಿ ನಡೆಸುತ್ತಿದ್ದ ಶಿಕ್ಷಣ ವ್ಯವಸ್ಥೆಯನ್ನು. ಇದು ಅಚ್ಚಾದದ್ದು 1916ರ ಆರಂಭದಲ್ಲಿ. ಅದೇ ಏಪ್ರಿಲ್ 24ರಂದು ಪಿಯರ್ಸ್ ಡಬ್ಲಿನ್ನಿನ ಅಂಚೆ ಕಚೇರಿ ಎದುರು ನಿಂತು ಗಣರಾಜ್ಯದ ಘೋಷಣೆ ಓದಿದರು. ಮೇ 3ರಂದು ಬ್ರಿಟಿಷ್ ಸೈನ್ಯ ಅವರನ್ನು ಗುಂಡಿಟ್ಟು ಕೊಂದಿತು. ಹಾಗಾಗಿ ಹುತಾತ್ಮರ ಪುಸ್ತಕ ಅಂತ ಕೈಮುಗಿದು ಓದೋರೇ ಜಾಸ್ತಿ. ನನಗೆ ಇದನ್ನು ಒಬ್ಬ ಮೇಷ್ಟ್ರ ಪುಸ್ತಕ ಅಂತ ಓದೋದೇ ಸರಿ ಅನ್ನಿಸುತ್ತೆ. ಪಿಯರ್ಸ್ ಯುದ್ಧ ಮಾಡಿದ್ದು ಒಂದು ವಾರ, ಶಾಲೆ ನಡೆಸಿದ್ದು ಹೆಚ್ಚುಕಡಿಮೆ ಎಂಟು ವರ್ಷ.

1878ರ ಕಾಯ್ದೆಯ ಪ್ರಕಾರ ಅಲ್ಲಿನ ಪ್ರೌಢಶಾಲೆಗಳಿಗೆ ಸರ್ಕಾರದ ದುಡ್ಡು ಸಿಗುತ್ತಿದ್ದದ್ದು ಮಕ್ಕಳ ಪರೀಕ್ಷೆಯ ಫಲಿತಾಂಶ ನೋಡಿ. ಮಾರ್ಕ್ಸ್ ಬಂದರೆ ಅನುದಾನ, ಇಲ್ಲದಿದ್ದರೆ ಇಲ್ಲ. ಹೀಗಿದ್ದಾಗ ಮೇಷ್ಟ್ರುಗಳು ಏನು ಮಾಡ್ತಾರೆ? ಬಾಯಿಪಾಠ ಮಾಡಿಸ್ತಾರೆ. ಮಗುವನ್ನು ಕಚ್ಚಾ ಸಾಮಾನಿನ ಹಾಗೆ ಒಂದು ಕಡೆಯಿಂದ ತುರುಕಿ, ಇನ್ನೊಂದು ಕಡೆಯಿಂದ ಗುಮಾಸ್ತನನ್ನು ಹೊರಗೆ ತೆಗೆಯೋ ಯಂತ್ರ ಇದು ಅನ್ನೋದು ಪಿಯರ್ಸ್ ವಾದ. ಹಳ್ಳಿಯ ಕನ್ನಡ ಶಾಲೆಯಿಂದ ಸಿಇಟಿ ರ‍್ಯಾಂಕಿನ ಏಣಿ ಹತ್ತಿ ಬಂದು, ಈಗ ವರ್ಷವರ್ಷ ಅಪ್ರೈಸಲ್‌ಗೆ ಕಾಯೋ ನನ್ನಂಥವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೀಕೆ ಮಾಡಿ ಸುಮ್ಮನೆ ಕೂರಲಿಲ್ಲ ಅನ್ನೋದು ಪಿಯರ್ಸ್ ಹೆಚ್ಚುಗಾರಿಕೆ. 1905ರಲ್ಲಿ ಬೆಲ್ಜಿಯಂಗೆ ಹೋಗಿ, ಎರಡು ಭಾಷೆಗಳಲ್ಲಿ ಪಾಠ ಹೇಗೆ ಮಾಡ್ತಾರೆ ಅಂತ ತರಗತಿಗಳಲ್ಲೇ ಕೂತು ನೋಡಿ ಬಂದರು. 1908ರಲ್ಲಿ ಡಬ್ಲಿನ್ನಿನಲ್ಲಿ ಸೇಂಟ್ ಎಂಡಾ ಶಾಲೆ ತೆರೆದರು. ಅಲ್ಲಿ ಐರಿಷ್, ಇಂಗ್ಲಿಷ್ ಎರಡರಲ್ಲೂ ಪಾಠ. ಶಾಲೆಯ ನಾಯಕನನ್ನು ಹುಡುಗರೇ ಓಟು ಹಾಕಿ ಆರಿಸಬೇಕು. ತೋಟಗಾರಿಕೆ, ನಾಟಕ ಎಲ್ಲ ಉಂಟು. 1913ರ ಮೇ ತಿಂಗಳಲ್ಲಿ ಆ್ಯಬಿ ಥಿಯೇಟರ್‌ನವರು ಈ ಶಾಲೆಯ ಸಹಾಯಾರ್ಥ ಒಂದೇ ಸಂಜೆ ಎರಡು ನಾಟಕ ಆಡಿಸಿದರು: ಒಂದು ಪಿಯರ್ಸ್ ಅವರದು, ಇನ್ನೊಂದು ನಮ್ಮ ಟಾಗೋರರ ‘ಅಂಚೆಮನೆ’. ಶಾಂತಿನಿಕೇತನಕ್ಕೂ ಸೇಂಟ್ ಎಂಡಾಗೂ ಹೋಲಿಕೆ ಇದೆ ಅಂತ ಕವಿ ಯೇಟ್ಸ್‌ಗೂ ಅನ್ನಿಸಿತ್ತು.

ನನ್ನ ತಕರಾರು ಶುರುವಾಗೋದು ಆ ಶಾಲೆಯ ಗೋಡೆಯ ಮೇಲಿದ್ದ ಚಿತ್ರದಿಂದ. ಅದು ಐರಿಷ್ ಪುರಾಣದ ವೀರ ಕುಹುಲಿನ್ ಆಯುಧ ಹಿಡಿಯೋ ದೃಶ್ಯ. ಇವತ್ತು ಯಾರು ಆಯುಧ ಹಿಡೀತಾರೋ ಅವರಿಗೆ ಕೀರ್ತಿ ದೊಡ್ಡದು, ಆಯಸ್ಸು ಕಮ್ಮಿ ಅಂತ ಪುರೋಹಿತ ಭವಿಷ್ಯ ಹೇಳಿದ್ದು ಕೇಳಿಸಿಕೊಂಡು, ಈ ಹುಡುಗ ಓಡಿಹೋಗಿ ಆಯುಧ ಕೇಳ್ತಾನೆ. ಅಭಿಮನ್ಯುವಿನ ಕಥೆ ಕೇಳಿ ಬೆಳೆದವರಿಗೆ ಇಂಥ ಹುಡುಗ ಹೊಸಬನೇನಲ್ಲ. 1909ರಲ್ಲಿ ಇವನ ಬಾಲಸಾಹಸಗಳನ್ನೇ ವಿದ್ಯಾರ್ಥಿಗಳು ನಾಟಕ ಮಾಡಿ ಆಡಿದರು. ದಿನಾ ಬೆಳಿಗ್ಗೆ ಎದ್ದರೆ ಇದೇ ಚಿತ್ರ ಕಣ್ಣೆದುರು.

ಆದರೆ ಚಿತ್ರ ನಿಂತ ಜಾಗದಲ್ಲಿ ಮೂಲ ಕಥೆ ನಿಲ್ಲೋದಿಲ್ಲ. ‘ಟಾಯ್ನ್’ನಲ್ಲಿ ಅದೇ ದಿನ ಆ ಹುಡುಗ ಮೂವರ ತಲೆ ಕಡಿದು, ರೋಷ ಇಳಿಯದೆ ತನ್ನ ಊರಿನ ಮೇಲೇ ಏರಿ ಬರ್ತಾನೆ. ನಮ್ಮವರು ಯಾರು, ಪರರು ಯಾರು ಅನ್ನೋ ಗುರುತು ಅವನಿಗಿಲ್ಲ. ಊರ ಹೆಂಗಸರು ಬೆತ್ತಲಾಗಿ ಎದುರು ಬಂದು ಅವನು ನಾಚಿ ಮುಖ ಮುಚ್ಚಿಕೊಂಡ ಮೇಲೆ, ಹಿಡಿದು ತಣ್ಣೀರಿನ ಕೊಪ್ಪರಿಗೆಗೆ ಅದ್ದುತ್ತಾರೆ. ಮೊದಲನೆಯದು ಒಡೆದುಹೋಗುತ್ತೆ, ಎರಡನೆಯದರಲ್ಲಿ ನೀರು ಕುದಿಯುತ್ತೆ, ಮೂರನೆಯದಕ್ಕೆ ಹುಡುಗ ತಣ್ಣಗಾಗ್ತಾನೆ. ಮುಂದೆ ಇವನೇ, ಜೊತೆಗೆ ಬೆಳೆದ ಗೆಳೆಯ ಫರ್ಡಿಯಾನನ್ನು ಹೊಳೆಯ ಕಡವಿನಲ್ಲಿ ದಿನಗಟ್ಟಲೆ ಹೋರಾಡಿ ಕೊಲ್ತಾನೆ. ಇನ್ನೊಂದು ಕಥೆಯಲ್ಲಿ ಸ್ವಂತ ಮಗನನ್ನೇ ಕೊಲ್ತಾನೆ. ಮಹಾಯುದ್ಧಕ್ಕೆ ಕಾರಣವೋ, ಒಂದು ಹೋರಿ! ಹಳಬರಿಗೆ ತಮ್ಮ ವೀರನ ಬಗ್ಗೆ ಹೆಮ್ಮೆಯೂ ಇತ್ತು, ಭಯವೂ ಇತ್ತು. ಪುನರುತ್ಥಾನದ ಕಾಲದವರು ಆ ಭಯವನ್ನು ತೊಳೆದು ತೆಗೆದರು. 1902ರಲ್ಲಿ ಈ ಕಥೆಗಳನ್ನು ಇಂಗ್ಲಿಷಿಗೆ ತಂದ ಲೇಡಿ ಗ್ರೆಗರಿ ಸಭ್ಯ ಓದುಗರಿಗೆ ಒಗ್ಗದ ಭಾಗಗಳಿಗೆ ಕತ್ತರಿ ಹಾಕಿದ್ದರು. ಯೇಟ್ಸ್ ಮಾತ್ರ ಮಗನನ್ನು ಕೊಂದ ಪ್ರಸಂಗವನ್ನೇ ಹಿಡಿದು ನಾಟಕ ಬರೆದರು, ಮೆಚ್ಚಬೇಕು.

ಪಿಯರ್ಸ್ ಹಳೇ ಯಂತ್ರದಿಂದ ಮಗುವನ್ನು ಬಿಡಿಸಿದರು ನಿಜ. ಆದರೆ ಕೈಗೆ ಕೊಟ್ಟ ಪಠ್ಯದಲ್ಲಿ ಒಂದೇ ಪಾಠ ಇತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಮೇಷ್ಟ್ರ ಹಿಂದೆಯೇ ಅಂಚೆ ಕಚೇರಿಗೆ ಹೋದರು. ಪುರಾಣವೊಂದೇ ದಂಗೆ ಎಬ್ಬಿಸಿತು ಅಂತಲ್ಲ. ಕಾರ್ಮಿಕ ನಾಯಕ ಕಾನೊಲಿಗೆ ಬೇರೆಯದೇ ಕಾರಣಗಳಿದ್ದವು.

ಭಾಷೆ ಉಳಿಸೋ ಕೆಲಸ ಸಾವಿನಲ್ಲೇ ಮುಗಿಯಬೇಕು ಅಂತೇನೂ ಇರಲಿಲ್ಲ. 1893ರಲ್ಲಿ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಮುಖ್ಯರಾದ ಡಗ್ಲಸ್ ಹೈಡ್, ಲೀಗು ರಾಜಕೀಯಕ್ಕೆ ಇಳಿದಾಗ 1915ರಲ್ಲಿ ಅಧ್ಯಕ್ಷಗಿರಿ ಬಿಟ್ಟು ಹೊರಟರು. ಅದೇ ಪುನರುತ್ಥಾನದ ಪಾಳಯದ ಇನ್ನೊಬ್ಬರನ್ನು ನಾವು ಚೆನ್ನಾಗಿಯೇ ಬಲ್ಲೆವು. 1924ರಲ್ಲಿ ಮೈಸೂರಿನಲ್ಲಿ ಯುವಕ ಕುವೆಂಪು ತೋರಿಸಿದ ಇಂಗ್ಲಿಷ್ ಕವಿತೆಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೀರಿ ಅಂದ ಜೇಮ್ಸ್ ಕಸಿನ್ಸ್. ಈಸ್ಟರ್ ದಂಗೆಯನ್ನು ಹೊಗಳಿ ಬರೆದು, ಆ್ಯನಿ ಬೆಸೆಂಟ್ ಪತ್ರಿಕೆಯ ಕೆಲಸ ಕಳಕೊಂಡವರು ಇವರೇ. ಅಂಥವರು ಕುವೆಂಪು ಅವರಿಂದ ಕೇಳಿದ್ದು ಕನ್ನಡ ಕವಿತೆ.

ಪಿಯರ್ಸ್‌ಗೆ ನೇರ ಉತ್ತರ ಕೊಟ್ಟವರು ಓಯಿನ್ ಮ್ಯಾಕ್‌ನೀಲ್. ಹಳೆಯ ಐರಿಷ್ ಇತಿಹಾಸದ ಪಂಡಿತರು, ಸ್ವಯಂಸೇವಕ ಪಡೆಯ ಮುಖ್ಯಸ್ಥರು. ನಾವು ದೇಶ ಅನ್ನೋದು ಕವಿಕಲ್ಪನೆಯಲ್ಲ, ಬನ್ನಿ ಮಕ್ಕಳೇ ಅಂತ ಕರೆಯೋ ಕ್ಯಾಥ್ಲೀನ್ ಎಂಬ ಹೆಂಗಸು ಯಾರೂ ಇಲ್ಲ ಅನ್ನೋ ಅರ್ಥದ ಟಿಪ್ಪಣಿಯನ್ನು 1916ರ ಫೆಬ್ರವರಿಯಲ್ಲೇ ಬರೆದರು. ದಂಗೆ ನಿಲ್ಲಿಸಲು ಆದೇಶವನ್ನೂ ಹೊರಡಿಸಿದರು. ಪುರಾಣವನ್ನು ಮೂಲದಲ್ಲೇ ಓದಬಲ್ಲ ಮನುಷ್ಯ ಹೀಗೆ ಹೇಳಿದ್ದು ನನಗೆ ತುಂಬ ಮುಖ್ಯ ಅನ್ನಿಸುತ್ತೆ. 1922ರ ಅಂತರ್ಯುದ್ಧದಲ್ಲಿ ಅವರು ಸರ್ಕಾರದ ಮಂತ್ರಿ. ಮಗ ಬ್ರಯನ್ ಎದುರು ಪಕ್ಷದ ಬಂಡುಕೋರ. ಆ ಸೆಪ್ಟೆಂಬರಿನಲ್ಲಿ ಬೆನ್‌ಬಲ್ಬೆನ್ ಬೆಟ್ಟದ ಮೇಲೆ ಸರ್ಕಾರದ ಸೈನಿಕರು ಬ್ರಯನ್‌ನನ್ನು ಕೊಂದರು.

ಮ್ಯಾಕ್‌ನೀಲ್ ಹಿಡಿದಿದ್ದದ್ದು ಶಿಕ್ಷಣ ಖಾತೆ. 1924ರಲ್ಲಿ ಫಲಿತಾಂಶ ನೋಡಿ ದುಡ್ಡು ಕೊಡುವ ಪದ್ಧತಿ ಕೊನೆಗೂ ರದ್ದಾಯಿತು. ಅವರ ನಂತರ ಬಂದವರ ಕಾಲದಲ್ಲಿ, 1934ರಿಂದ, ಐರಿಷ್‌ನಲ್ಲಿ ಪಾಸಾಗದ ಹುಡುಗರಿಗೆ ಶಾಲೆ ಮುಗಿಸಿದ ಸರ್ಟಿಫಿಕೇಟೇ ಇಲ್ಲ ಅನ್ನೋ ನಿಯಮ ಬಂತು. ಅದು ಹೋಗಿದ್ದು 1973ರಲ್ಲಿ.