ಒಲ್ಲೆನೆಂಬವರ ಪಟ್ಟಾಭಿಷೇಕ

ಮದುವೆಯ ಪಂಕ್ತಿಯಲ್ಲಿ ಸಾಕು ಸಾಕೆಂದು ಎಲೆಗೆ ಕೈಯಡ್ಡ ಹಿಡಿಯುವ ಅತಿಥಿಯನ್ನು ಕಾಣದವರಿಲ್ಲ. ಬಡಿಸುವವನ ಕೈ ಅಂತಹವನ ಎಲೆಯ ಮುಂದೆಯೇ ಒಂದು ಗಳಿಗೆ ಹೆಚ್ಚು ನಿಲ್ಲುತ್ತದೆ. ಬೆರಳುಗಳ ಸಂದಿಯಿಂದ ಎರಡು ಹೋಳಿಗೆಗಳು ಇಳಿದೇ ಇಳಿಯುತ್ತವೆ. ಇನ್ನೊಂದು ಹಾಕೆಂದು ಬಾಯಿಬಿಟ್ಟು ಕೇಳಿದವನಿಗಾದರೋ, ಸುತ್ತಲಿನವರ ನಗೆಯೇ ನೈವೇದ್ಯ. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಯೂಟಾ ಪ್ರಾಂತದಲ್ಲಿ, ಸಾಲ್ಟ್ ಲೇಕ್ ನಗರವನ್ನು ಮೂಲಸ್ಥಾನವಾಗಿ ಮಾಡಿಕೊಂಡಿರುವ ಮಾರ್ಮನ್ ಪಂಥದಲ್ಲಿ ಅಧಿಕಾರವು ಕೈಗೆ ಬರುವ ಬಗೆಯು ಈ ಪಂಕ್ತಿಭೋಜನದ ನೀತಿಗೆ ಬಹಳ ದೂರವಾದುದಲ್ಲ.

ಆ ಪಂಥದವರು ಬರೆದಿಟ್ಟಿರುವ ನಾಯಕಚರಿತ್ರೆಗಳನ್ನು ಒಂದು ಪ್ರತ್ಯೇಕ ಸಾಹಿತ್ಯಪ್ರಕಾರವೆಂದೇ ಎಣಿಸಬಹುದು. ಅಲ್ಲಿ ಕಥಾನಾಯಕನಿಗೆ ಪದವಿಯ ಆಸೆ ಎಂದೂ ಹುಟ್ಟುವುದಿಲ್ಲ. ಅವನು ತನ್ನ ವಕೀಲಿಯನ್ನೋ ವ್ಯಾಪಾರವನ್ನೋ ನೋಡಿಕೊಂಡು, ಮಕ್ಕಳಿಗೆ ಧರ್ಮಗ್ರಂಥವನ್ನು ಓದಿ ಹೇಳುತ್ತ ಇರುವಾಗ ದೂರವಾಣಿಯ ಗಂಟೆ ಬಾರಿಸುತ್ತದೆ. ಅಧ್ಯಕ್ಷರು ಕರೆಯುತ್ತಾರೆ. ನಾಯಕನು ಬೆರಗಾಗುತ್ತಾನೆ, ಕಣ್ಣೀರಿಡುತ್ತಾನೆ, ತಾನು ಅಯೋಗ್ಯನೆನ್ನುತ್ತಾನೆ, ಒಪ್ಪಿಕೊಳ್ಳುತ್ತಾನೆ. ಒಬ್ಬನ ಚರಿತ್ರೆಯಲ್ಲಿ ಇದನ್ನು ಓದಿದಾಗ ಮನಸ್ಸು ಕರಗುವುದು ಸಹಜ. ಹತ್ತನೆಯವನ ಚರಿತ್ರೆಯಲ್ಲಿಯೂ ಅದೇ ಗಂಟೆ, ಅದೇ ಕಣ್ಣೀರು ಬಂದಾಗ, ಬಯಕೆ ಇಲ್ಲದವರೇ ಇಷ್ಟು ಮಂದಿ ಒಂದೇ ಏಣಿಯ ತುದಿಗೆ ಹೇಗೆ ಬಂದು ಸೇರಿದರೆಂಬ ಸೋಜಿಗವು ಓದುಗನನ್ನು ಕಾಡುತ್ತದೆ.

ಏಣಿಯಂತೂ ಇದೆ. ಊರೂರ ಸಭೆಗಳಲ್ಲಿ ಸಂಬಳದ ಪಾದ್ರಿಗಳಿಲ್ಲ. ವಾರವೆಲ್ಲ ತನ್ನ ಕಸುಬನ್ನು ಮಾಡುವ ಗೃಹಸ್ಥನೇ ಭಾನುವಾರ ಬಿಷಪ್ಪನಾಗುತ್ತಾನೆ. ಇದು ಮೆಚ್ಚತಕ್ಕ ಏರ್ಪಾಡೇ ಸರಿ. ಅಂತಹ ಹಲವು ಸಭೆಗಳ ಮೇಲೆ ಒಬ್ಬ ಅಧ್ಯಕ್ಷ, ಅವನಿಂದ ಮೇಲೆ 'ಎಪ್ಪತ್ತರವರು' ಎಂಬ ವರ್ಗ, ಅದರ ಮೇಲೆ ಹನ್ನೆರಡು ಮಂದಿ ಅಪೊಸ್ತಲರ ಮಂಡಲಿ, ಎಲ್ಲರ ಮೇಲೆ ಪ್ರವಾದಿಯೆನಿಸಿದ ಅಧ್ಯಕ್ಷನೂ ಅವನ ಮಂತ್ರಿಗಳೂ. ಈ ಮೆಟ್ಟಿಲುಗಳಲ್ಲಿ ಯಾವುದಕ್ಕೂ ಅರ್ಜಿ ಹಾಕುವಂತಿಲ್ಲ, ಆಶಿಸುವುದೇ ದೋಷ. ಕೆಳಗಿನವರು ಮೇಲಿನವರನ್ನು ಆರಿಸುವ ಪದ್ಧತಿಯೂ ಇಲ್ಲ. ಮೇಲಿನವರ ಕಣ್ಣು ಕೆಳಗಿನವನ ಮೇಲೆ ಬೀಳಬೇಕು. ಆದುದರಿಂದ ಆಸೆಯೆಂಬುದು ಅಲ್ಲಿ ನಾಶವಾಗಿಲ್ಲ. ವಿನಯದ ದನಿಯಲ್ಲಿ ಮಾತನಾಡಲು ಕಲಿತಿದೆ. ಪ್ರಶ್ನೆ ಕೇಳುವವನನ್ನು ಯಾರೂ ಗದರಿಸಬೇಕಾಗಿಲ್ಲ. ಅವನ ಮನೆಯ ದೂರವಾಣಿ ಬಾರಿಸದಿದ್ದರೆ ಸಾಕು.

ಹ್ಯೂ ಬಿ. ಬ್ರೌನ್ ಎಂಬವರ ಕಥೆಯನ್ನು ಇಲ್ಲಿ ನೆನೆಯಬೇಕು. ಡೇವಿಡ್ ಮೆಕೇ ಅಧ್ಯಕ್ಷರಾಗಿದ್ದಾಗ ಇವರು ಮಂತ್ರಿಪದವಿಯಲ್ಲಿದ್ದರು. ನೀಗ್ರೋ ವಂಶದ ಪುರುಷರಿಗೆ ಪೌರೋಹಿತ್ಯವನ್ನು ಕೊಡದ ನಿಷೇಧವು ತೊಲಗಬೇಕೆಂದು ಬಯಸಿದವರು ಇವರು. 1970ರಲ್ಲಿ ಮೆಕೇ ತೀರಿಕೊಂಡರು. ಮುಂದಿನ ಅಧ್ಯಕ್ಷರು ಬ್ರೌನರನ್ನು ಮಂತ್ರಿಯಾಗಿ ಉಳಿಸಿಕೊಳ್ಳಲಿಲ್ಲ. ಬ್ರೌನರು 1975ರಲ್ಲಿ ಮೃತರಾದರು. 1978ರಲ್ಲಿ ಅದೇ ನಿಷೇಧವು ದೈವೋಕ್ತಿಯಿಂದ ರದ್ದಾಯಿತು. ಸತ್ಯವನ್ನು ಎಂಟು ವರ್ಷ ಮುಂಚೆ ಕಂಡುದು ಆ ಏಣಿಯ ಮೇಲೆ ಅರ್ಹತೆಯಾಗಿ ಪರಿಣಮಿಸಲಿಲ್ಲ.

ಅಪೊಸ್ತಲನಾದ ಮೇಲೆ ಏರುವ ಕ್ರಮವು ಬೇರೆಯದು. ಅಲ್ಲಿಂದ ಮುಂದೆ ವಿದ್ಯೆ, ವಾಗ್ಮಿತೆ, ತಪಸ್ಸು ಯಾವುದೂ ಬೇಡ, ಬದುಕಿದ್ದರೆ ಸಾಕು. ಅಧ್ಯಕ್ಷನು ಸತ್ತೊಡನೆ ಅವನ ಮಂತ್ರಿಗಳ ಅಧಿಕಾರವೂ ಕರಗಿ, ಅಪೊಸ್ತಲರಲ್ಲಿ ಯಾರು ಎಲ್ಲರಿಗಿಂತ ಮೊದಲು ಮಂಡಲಿಯನ್ನು ಸೇರಿದರೋ ಅವರೇ ಪ್ರವಾದಿಯಾಗುತ್ತಾರೆ. ಇದನ್ನು ದೇವರ ಆಯ್ಕೆಯೆನ್ನುತ್ತಾರೆ. ದೇವರು ಯಾರನ್ನು ಯಾವಾಗ ಕರೆದುಕೊಳ್ಳುತ್ತಾನೆಂಬುದು ಅವನ ಕೈಯಲ್ಲಿರುವುದರಿಂದ, ಉಳಿದವನೇ ಅವನಿಗೆ ಬೇಕಾದವನೆಂಬ ತರ್ಕವನ್ನು ಖಂಡಿಸುವುದು ಸುಲಭವಲ್ಲ. ಹಾಗೆ ನೋಡಿದರೆ ಊರ ಮುಂದಿನ ಆಲದಮರಕ್ಕೂ ಅದೇ ಹಕ್ಕು ಉಂಟು.

ಈ ನಿಯಮವು ಸುಮ್ಮನೆ ಹುಟ್ಟಿದುದಲ್ಲ. 1830ರಲ್ಲಿ ಪಂಥವನ್ನು ಸ್ಥಾಪಿಸಿದ ಜೋಸೆಫ್ ಸ್ಮಿತ್ತನು 1844ರ ಜೂನ್ 27ರಂದು ಇಲಿನಾಯ್ ಪ್ರಾಂತದ ಕಾರ್ತೇಜ್ ಎಂಬ ಊರ ಸೆರೆಮನೆಯಲ್ಲಿ ಗುಂಪಿನ ಗುಂಡಿಗೆ ಬಲಿಯಾದನು. ಮುಂದೆ ಯಾರೆಂಬುದನ್ನು ಅವನು ಸ್ಪಷ್ಟವಾಗಿ ಹೇಳಿಹೋಗಿರಲಿಲ್ಲ. ಸಿಡ್ನಿ ರಿಗ್ಡನ್ನನು ತಾನೇ ಪಾಲಕನೆಂದನು. ಜೇಮ್ಸ್ ಸ್ಟ್ರಾಂಗ್ ಎಂಬವನು ಸ್ಮಿತ್ತನೇ ಬರೆದನೆನ್ನಲಾದ ಓಲೆಯನ್ನು ತೋರಿಸಿದನು, ಅಷ್ಟಕ್ಕೇ ತೃಪ್ತನಾಗದೆ 1850ರಲ್ಲಿ ಮಿಷಿಗನ್ ಸರೋವರದ ಒಂದು ದ್ವೀಪದಲ್ಲಿ ಕಿರೀಟಧಾರಣೆ ಮಾಡಿಸಿಕೊಂಡು ರಾಜನೂ ಆದನು, 1856ರಲ್ಲಿ ಕೊಲೆಯಾದನು. ಸ್ಥಾಪಕನ ಮಗನು 1860ರಲ್ಲಿ ಬೇರೊಂದು ಶಾಖೆಗೆ ಮುಖ್ಯನಾದನು. ಹೆಚ್ಚಿನ ಜನರನ್ನು ಗೆದ್ದವನು ಅಪೊಸ್ತಲರಲ್ಲಿ ಹಿರಿಯನಾಗಿದ್ದ ಬ್ರಿಗಮ್ ಯಂಗ್. 1844ರ ಆಗಸ್ಟ್ 8ರ ಸಭೆಯಲ್ಲಿ ಇವನು ಮಾತನಾಡುವಾಗ ಇವನ ಮುಖವೂ ದನಿಯೂ ಸತ್ತ ಸ್ಮಿತ್ತನವೇ ಆದುವೆಂದು ಮುಂದಿನ ವರ್ಷಗಳಲ್ಲಿ ಅನೇಕರು ಸಾಕ್ಷಿ ನುಡಿದರು. ಅಂದೇ ಬರೆದ ದಿನಚರಿಗಳಲ್ಲಿ ಮಾತ್ರ ಆ ಪವಾಡದ ಸ್ಪಷ್ಟವಾದ ಸುಳಿವಿಲ್ಲ. ಇಷ್ಟೊಂದು ಒಡಕನ್ನು ಕಂಡ ಜನರು, ಜಗಳಕ್ಕೆ ಎಡೆಯಿಲ್ಲದ ಒಂದು ನಿಯಮವನ್ನು ಹಿಡಿದುಕೊಂಡರೆ ಅದನ್ನು ಹಳಿಯಲಾಗದು. ಆ ಬಳಿಕ ಅಧ್ಯಕ್ಷಪದವಿಗಾಗಿ ಅಂತಹ ದೊಡ್ಡ ಒಡಕು ಅಲ್ಲಿ ಮತ್ತೆ ಆಗಿಲ್ಲ.

ಆದರೆ ಪಂಚಾಂಗವೇ ಪ್ರವಾದಿಯನ್ನು ಆರಿಸುವಾಗ ಪಂಚಾಂಗವನ್ನು ತಿದ್ದುವ ಕೈ ಯಾವುದೆಂದು ನೋಡತಕ್ಕದ್ದು. 1875ರಲ್ಲಿ ಬ್ರಿಗಮ್ ಯಂಗನು ಆರ್ಸನ್ ಹೈಡ್ ಮತ್ತು ಆರ್ಸನ್ ಪ್ರ್ಯಾಟ್ ಎಂಬಿಬ್ಬರು ಹಿರಿಯರನ್ನು ಸಾಲಿನಲ್ಲಿ ಕೆಳಕ್ಕಿಳಿಸಿದನು. ಮೂವತ್ತು ವರ್ಷಕ್ಕೂ ಹಿಂದೆ ಅವರು ಕೆಲಕಾಲ ಪಂಥದಿಂದ ಹೊರಗಾಗಿದ್ದರೆಂಬುದು ಕಾರಣ. ಪ್ರ್ಯಾಟನು ಯಂಗನ ಸಿದ್ಧಾಂತಗಳನ್ನು ಎದುರಿಸಿ ವಾದಿಸಿದವನೆಂಬುದೂ ಎಲ್ಲರಿಗೂ ತಿಳಿದಿತ್ತು. ಎರಡು ವರ್ಷದಲ್ಲಿ ಯಂಗನು ಸತ್ತನು. ಹೈಡನು ಇನ್ನೂ ಬದುಕಿದ್ದನು. ಪೀಠವು ಜಾನ್ ಟೇಲರನ ಪಾಲಿಗೆ ಬಂತು. 1900ರಲ್ಲಿ ಇನ್ನೊಂದು ತಿದ್ದುಪಡಿ. ಬ್ರಿಗಮ್ ಯಂಗನು ತನ್ನ ಮಗನಿಗೆ 1864ರಲ್ಲಿಯೇ ಅಪೊಸ್ತಲದೀಕ್ಷೆಯನ್ನು ಕೊಟ್ಟಿದ್ದನು. ದೀಕ್ಷೆಯ ದಿನವಲ್ಲ, ಮಂಡಲಿಯನ್ನು ಸೇರಿದ ದಿನವೇ ಲೆಕ್ಕವೆಂದು ಈಗ ತೀರ್ಮಾನವಾಗಿ, ಸ್ಥಾಪಕನ ಅಣ್ಣನ ಮಗ ಜೋಸೆಫ್ ಎಫ್. ಸ್ಮಿತ್ತನು ಮುಂದಾದನು, 1901ರಲ್ಲಿ ಪೀಠವನ್ನೇರಿದನು. ಅವನು ತನ್ನ ಮಗನನ್ನು 1910ರಲ್ಲಿ, ಮೂವತ್ತಮೂರರ ಪ್ರಾಯದಲ್ಲಿ, ಅಪೊಸ್ತಲನನ್ನಾಗಿ ಮಾಡಿದನು. ಆ ಮಗನು ಅರವತ್ತು ವರ್ಷ ಕಾದು 93ರಲ್ಲಿ ಪ್ರವಾದಿಯಾದನು. ಬ್ರೌನರನ್ನು ಕೈಬಿಟ್ಟ ಅಧ್ಯಕ್ಷರು ಇವರೇ. ಇನ್ನು ಸ್ತ್ರೀಯರ ಮಾತು: ಪೌರೋಹಿತ್ಯವೇ ಅವರಿಗಿಲ್ಲದುದರಿಂದ ಏಣಿಯ ಮೊದಲ ಮೆಟ್ಟಿಲೂ ಇಲ್ಲ.

ಇಂತಹ ವ್ಯವಸ್ಥೆಯ ಫಲವಾಗಿ ಪೀಠಕ್ಕೆ ಬರುವವರು ವಯೋವೃದ್ಧರೇ. ಎಜ್ರಾ ಬೆನ್ಸನ್ನರು 1985ರಲ್ಲಿ 86ರ ವಯಸ್ಸಿನಲ್ಲಿ ಅಧ್ಯಕ್ಷರಾಗಿ 1994ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರ ಬುದ್ಧಿಶಕ್ತಿ ಕುಗ್ಗಿಹೋಗಿತ್ತೆಂಬುದನ್ನು ವ್ಯಂಗ್ಯಚಿತ್ರಕಾರನಾದ ಅವರ ಮೊಮ್ಮಗನೇ 1993ರಲ್ಲಿ ಬಹಿರಂಗಪಡಿಸಿದನು. ಅವರ ಅನಂತರದ ಹೋವರ್ಡ್ ಹಂಟರರು ಅಧ್ಯಕ್ಷರಾಗಿದ್ದುದು ಒಂಬತ್ತು ತಿಂಗಳು. ವೃದ್ಧಾಪ್ಯವು ಅಪಹಾಸ್ಯಕ್ಕೆ ವಸ್ತುವಲ್ಲ. ಆದರೆ 'ಎಪ್ಪತ್ತರವರು' ಎಪ್ಪತ್ತರ ಸುಮಾರಿಗೆ ವಿಶ್ರಾಂತಿ ಪಡೆಯುವ ಪಂಥದಲ್ಲಿ ಅವರ ಮೇಲಿನವರಿಗೆ ಮಾತ್ರ ಮರಣದ ಹೊರತು ವಿಶ್ರಾಂತಿಯಿಲ್ಲವೆಂಬುದರ ಮರ್ಮವನ್ನು ಯಾರೂ ಬಿಡಿಸಿ ಹೇಳಿಲ್ಲ.

ಮಾರ್ಮನ್ ಎಂಬ ಹೆಸರಿನ ಕಥೆಯು ಎಲ್ಲಕ್ಕಿಂತಲೂ ಸ್ವಾರಸ್ಯವಾದುದು. ಹೃದಯದ ಶಸ್ತ್ರವೈದ್ಯರಾಗಿದ್ದ ರಸೆಲ್ ನೆಲ್ಸನ್ ಎಂಬ ಅಪೊಸ್ತಲರು 1990ರ ಏಪ್ರಿಲ್ ಮಹಾಸಭೆಯಲ್ಲಿ, ಪಂಥವನ್ನು ಅಡ್ಡಹೆಸರಿನಿಂದ ಕರೆಯಬಾರದು, ಯೇಸುಕ್ರಿಸ್ತನ ಹೆಸರುಳ್ಳ ಪೂರ್ಣನಾಮವನ್ನೇ ಹೇಳಬೇಕೆಂದರು. ಅದೇ ಅಕ್ಟೋಬರಿನಲ್ಲಿ, ಆಗ ಮಂತ್ರಿಯಾಗಿದ್ದ ಗಾರ್ಡನ್ ಹಿಂಕ್ಲಿಯವರು ಆ ಅಡ್ಡಹೆಸರಿಗೂ ಒಳ್ಳೆಯ ಅರ್ಥವನ್ನು ತಂದುಕೊಡೋಣವೆಂದು ನಯವಾಗಿ ಹೇಳಿ ಮಾತನ್ನು ಮುಗಿಸಿದರು. ನೆಲ್ಸನ್ನರು ಸುಮ್ಮನಾದರು. ಹಿಂಕ್ಲಿ 1995ರಲ್ಲಿ ಅಧ್ಯಕ್ಷರಾದರು, 2008ರಲ್ಲಿ ತೀರಿಕೊಂಡರು. ಥಾಮಸ್ ಮಾನ್ಸನ್ ಬಂದರು. ಅವರ ಕಾಲದಲ್ಲಿ 'ನಾನೊಬ್ಬ ಮಾರ್ಮನ್' ಎಂಬ ಪ್ರಚಾರಕ್ಕಾಗಿ ಪಂಥವೇ ಹಣ ಸುರಿಯಿತು. 2014ರಲ್ಲಿ ಅದೇ ಹೆಸರನ್ನು ಹೊತ್ತ ಚಲಚ್ಚಿತ್ರವೂ ಹೊರಬಂತು. 2018ರ ಜನವರಿಯಲ್ಲಿ ಮಾನ್ಸನ್ನರು ಕಾಲವಾದರು. ಅದೇ ತಿಂಗಳು 93ರ ನೆಲ್ಸನ್ನರು ಅಧ್ಯಕ್ಷರಾದರು. ಏಪ್ರಿಲಿನಲ್ಲಿ ಬೆಂಗಳೂರಿನಲ್ಲೊಂದು ದೇವಾಲಯ ಕಟ್ಟುವುದಾಗಿ ಸಾರಿದರು. ಅಕ್ಟೋಬರಿನಲ್ಲಿ ಆ ಅಡ್ಡಹೆಸರನ್ನು ಬಳಸುವುದು ಸೈತಾನನಿಗೆ ದೊರೆಯುವ ದೊಡ್ಡ ಗೆಲುವೆಂದು ಸಾರಿದರು. ಇಪ್ಪತ್ತೆಂಟು ವರ್ಷ ಹಳೆಯದಾದ ಒಂದು ವಾದವು ತೀರಿತು. ಎದುರುವಾದಿಯು ಸೋಲಲಿಲ್ಲ, ಸತ್ತರು. ಹಣ ಕೊಟ್ಟು ಆ ಹೆಸರನ್ನು ಮೆರೆಸಿದ ಅನುಯಾಯಿಗಳು, ತಾವು ಅಷ್ಟು ವರ್ಷ ಯಾರನ್ನು ಗೆಲ್ಲಿಸುತ್ತಿದ್ದೆವೆಂದು ಮನೆಗೆ ಹೋಗಿ ಯೋಚಿಸಬೇಕಾಯಿತು.

ಹೆಸರಿನ ವಿಷಯವು ನಗುವಿನಲ್ಲಿ ಮುಗಿಯಬಹುದು. ಎಲ್ಲವೂ ಹಾಗೆ ಮುಗಿಯುವುದಿಲ್ಲ. ಒಂದೇ ಲಿಂಗದ ಇಬ್ಬರು ಸಂಸಾರ ಹೂಡಿರುವ ಮನೆಯ ಮಕ್ಕಳಿಗೆ ಶಿಶುವಿನ ಆಶೀರ್ವಾದವಾಗಲಿ ದೀಕ್ಷಾಸ್ನಾನವಾಗಲಿ ಕೂಡದೆಂಬ ನಿಯಮವು 2015ರ ನವೆಂಬರಿನಲ್ಲಿ ಹೊರಬಂತು. ಇದು ದೇವರು ಪ್ರವಾದಿಗೆ ತಿಳಿಸಿದುದೆಂದು 2016ರ ಜನವರಿಯಲ್ಲಿ ನೆಲ್ಸನ್ನರು ಸಾಕ್ಷಿ ನುಡಿದರು. 2019ರ ಏಪ್ರಿಲಿನಲ್ಲಿ, ಅವರೇ ಪ್ರವಾದಿಯಾಗಿದ್ದಾಗ, ಆ ನಿಯಮವು ಹೋಯಿತು. ಅದೂ ದೈವಪ್ರೇರಣೆಯೇ ಎನಿಸಿತು. ನಡುವಿನ ಮೂರುವರೆ ವರ್ಷ ಆ ಮನೆಗಳಲ್ಲಿ ಮಕ್ಕಳಿಗೆ ಏನು ಸಮಾಧಾನ ಹೇಳಿದರೆಂಬುದನ್ನು ಯಾವ ನಾಯಕಚರಿತ್ರೆಯೂ ಬರೆಯುವುದಿಲ್ಲ. ಸ್ವಲ್ಪ ಅಧಿಕಾರ ಸಿಕ್ಕೊಡನೆ ಬಹುಮಟ್ಟಿಗೆ ಎಲ್ಲ ಮನುಷ್ಯರೂ ಅದನ್ನು ಅನ್ಯಾಯವಾಗಿ ನಡೆಸತೊಡಗುತ್ತಾರೆಂದು ಸ್ಥಾಪಕ ಸ್ಮಿತ್ತನೇ 1839ರಲ್ಲಿ ಸೆರೆಮನೆಯೊಳಗಿನಿಂದ ಬರೆದಿದ್ದನು. ಆ ಮಾತು ಪಂಥದ ಧರ್ಮಗ್ರಂಥದಲ್ಲಿಯೇ ಸೇರಿದೆ.

1984ರ ಏಪ್ರಿಲ್ ಮಹಾಸಭೆಯಲ್ಲಿ ಇಬ್ಬರು ಹೊಸ ಅಪೊಸ್ತಲರ ಹೆಸರುಗಳನ್ನು ಓದಿದರು: ಮೊದಲು ನೆಲ್ಸನ್, ಅನಂತರ ಯೂಟಾದ ಶ್ರೇಷ್ಠ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ಡ್ಯಾಲಿನ್ ಓಕ್ಸ್. ಆ ಎರಡು ಹೆಸರುಗಳನ್ನು ಓದಿದ ಕ್ರಮವೇ ಮುಂದಿನ ಚರಿತ್ರೆ. ನೆಲ್ಸನ್ನರು 101 ವರ್ಷ ಬದುಕಿ 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು; ಅಕ್ಟೋಬರಿನಲ್ಲಿ 93ರ ಓಕ್ಸರು ಅಧ್ಯಕ್ಷರಾದರು. ಇಂತಹ ಹೆಸರುಗಳನ್ನು ಮಹಾಸಭೆಯಲ್ಲಿ ವರ್ಷಕ್ಕೆರಡು ಸಲ ಜನರ ಮುಂದಿಟ್ಟು, ಒಪ್ಪುವವರು ಬಲಗೈ ಎತ್ತಿರೆಂದು ಕೇಳುತ್ತಾರೆ. ಸಾವಿರಾರು ಕೈಗಳು ಒಟ್ಟಿಗೆ ಏಳುತ್ತವೆ. ಒಪ್ಪದವರೂ ಅದೇ ರೀತಿ ಕೈ ಎತ್ತಬಹುದೆನ್ನುವುದೂ ಪದ್ಧತಿ. 2015ರ ಏಪ್ರಿಲಿನಲ್ಲಿ ಬೆರಳೆಣಿಕೆಯ ಕೆಲವರು ಎದ್ದುನಿಂತು ಒಪ್ಪುವುದಿಲ್ಲವೆಂದು ಕೂಗಿದರು. ತಮ್ಮ ತಮ್ಮ ಪ್ರಾಂತದ ಅಧ್ಯಕ್ಷರನ್ನು ಹೋಗಿ ಕಾಣಬೇಕೆಂದು ವೇದಿಕೆಯಿಂದ ಅವರಿಗೆ ಸೂಚನೆಯಾಯಿತು. ಸಭೆಯು ಮುಂದಿನ ಕಾರ್ಯಕ್ಕೆ ಸಾಗಿತು.