ಆರ್ದ್ರಕ, ಶುಂಠಿ: ಒಂದು ಅರ್ಧೋಕ್ತಿಯ ವಿಮರ್ಶೆ

ದಾವಣಗೆರೆ ಹರಿಹರಗಳ ಮನೆಗಳಲ್ಲಿ ಹೊಟ್ಟೆ ಕೆಟ್ಟವರಿಗೆ ಮೊದಲು ಒದಗುವ ಔಷಧವು ಶುಂಠಿಯ ಕಷಾಯವು. ಈಚೆಗೆ ಅದಕ್ಕೆ ಹೊಸದೊಂದು ಕಾರ್ಯವು ಬಂದೊದಗಿದೆ. ಸೋಂಕಿಗೆಂದು ವೈದ್ಯರು ಕೊಟ್ಟ ಆಂಟಿಬಯಾಟಿಕ್ ಗುಳಿಗೆಗಳಿಂದ ಓಕರಿಕೆಯಾಗಲಿ ಭೇದಿಯಾಗಲಿ ಉಂಟಾದರೆ, ಹಸಿಶುಂಠಿಯನ್ನು ಉಪ್ಪಿನೊಡನೆ ಅಗಿದರೆ ಸಾಕೆನ್ನುವವರುಂಟು. ಅದಕ್ಕೆ ಭಾವಪ್ರಕಾಶದ ಶ್ಲೋಕವೊಂದನ್ನು ಪ್ರಮಾಣವಾಗಿ ಮುಂದಿಡುವುದೂ ಉಂಟು. ಪ್ರಮಾಣವೆಂದು ತಂದ ಗ್ರಂಥವು ನಿಜವಾಗಿ ಏನನ್ನು ಹೇಳುತ್ತದೆಂಬುದು ವಿಚಾರಣೀಯವಾಗಿದೆ.

16ನೆಯ ಶತಮಾನದ ಭಾವಮಿಶ್ರನು ಹರೀತಕ್ಯಾದಿ ವರ್ಗದಲ್ಲಿ ಊಟಕ್ಕೆ ಮುನ್ನ ಉಪ್ಪು ಬೆರೆತ ಆರ್ದ್ರಕವನ್ನು ತಿನ್ನುವುದು ಪಥ್ಯವೆಂದೂ, ಅದು ಅಗ್ನಿಯನ್ನು ಉದ್ದೀಪನಗೊಳಿಸಿ ನಾಲಗೆ ಕಂಠಗಳನ್ನು ಶೋಧಿಸುವುದೆಂದೂ ಹೇಳಿರುವುದು ದಿಟ. ಆದರೆ ಅದರ ಬೆನ್ನಿಗೇ ನಿಷೇಧವಿದೆ. ಕುಷ್ಠ, ಪಾಂಡು, ಮೂತ್ರಕೃಚ್ಛ್ರ, ರಕ್ತಪಿತ್ತ, ವ್ರಣ, ಜ್ವರ, ದಾಹ ಇವುಗಳಲ್ಲಿಯೂ ಗ್ರೀಷ್ಮ ಶರದೃತುಗಳಲ್ಲಿಯೂ ಆರ್ದ್ರಕವು ಹಿತವಲ್ಲವೆಂದು ಅವನೇ ಹೇಳಿದ್ದಾನೆ. ಜ್ವರ, ಕೀತ ಗಾಯ, ಮೂತ್ರದ ಉರಿ: ಆಂಟಿಬಯಾಟಿಕ್ಕನ್ನು ಕೊಡುವುದು ಬಹುಮಟ್ಟಿಗೆ ಇಂತಹ ಸಂದರ್ಭಗಳಲ್ಲಿಯೇ ಅಲ್ಲವೆ! ವಿಧಿಯನ್ನು ಪಠಿಸಿ ನಿಷೇಧವನ್ನು ನುಂಗಿದರೆ ಗ್ರಂಥವನ್ನು ಉದಾಹರಿಸಿದಂತಾಗುವುದಿಲ್ಲ. 1224ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಮೂರ್ತಿಯ ಒಂದೇ ಪಾರ್ಶ್ವವನ್ನು ನೋಡಿ ಬಂದವನು ದರ್ಶನವಾಯಿತೆಂದು ಹೇಳಲಾರನು. ಶ್ಲೋಕಗಳ ವಿಷಯದಲ್ಲಿ ಮಾತ್ರ ಈ ಎಚ್ಚರವು ಕಾಣುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದುದು ಹಸಿ ಒಣಗಳ ಭೇದ. ಒಣಗಿದ ಶುಂಠಿಯು ಲಘು, ಪಾಚಕ, ವಮನಹರ. ದ್ರವಾಂಶವನ್ನು ಹೀರಿ ಮಲವನ್ನು ಕಟ್ಟುವುದರಿಂದ ಗ್ರಾಹಿ. ಹಸಿಯಾದ ಆರ್ದ್ರಕವಾದರೋ ಗುರು, ತೀಕ್ಷ್ಣ, ಭೇದಿನಿ. ವಿಬಂಧವನ್ನು ಒಡೆಯುವ ಶುಂಠಿಯು ಗ್ರಾಹಿ ಹೇಗಾದೀತೆಂಬ ಶಂಕೆಯನ್ನು ಭಾವಮಿಶ್ರನೇ ಎತ್ತಿ, ಅದರ ಶಕ್ತಿ ಇರುವುದು ತಡೆಯನ್ನು ಬಿಡಿಸುವುದರಲ್ಲಿ, ಮಲವನ್ನು ಕೆಡಹುವುದರಲ್ಲಲ್ಲವೆಂದು ಸಮಾಧಾನ ಹೇಳಿದ್ದಾನೆ. ಹೀಗಿರಲು, ಭೇದಿಯಾಗುತ್ತಿರುವವನಿಗೆ ಭೇದಿನಿಯಾದ ಹಸಿಶುಂಠಿಯನ್ನು ಅದೇ ಗ್ರಂಥದ ಹೆಸರಿನಲ್ಲಿ ಕೊಡುವುದು ವಿಪರೀತವೇ ಸರಿ. ಶುಂಠಿಯ ಗುಣಗಳೆಲ್ಲವೂ ಆರ್ದ್ರಕದಲ್ಲಿಯೂ ಇವೆಯೆಂಬ ಮಾತು ಅಲ್ಲಿಯೇ ಇದೆಯಲ್ಲ ಎಂದು ಆಕ್ಷೇಪಿಸಬಹುದು. ಇದೆ, ಆದರೆ ಅದು ಸಾಮಾನ್ಯೋಕ್ತಿ. ಭೇದಿನೀತ್ವವೂ ನಿಷೇಧವೂ ವಿಶೇಷೋಕ್ತಿಗಳು. ಉತ್ಸರ್ಗವು ಅಪವಾದದ ಮುಂದೆ ನಿಲ್ಲಲಾರದು.

ಈ ಗೊಂದಲಕ್ಕೆ ಭಾಷೆಯೂ ಒಂದು ಕಾರಣ. ದಕ್ಷಿಣದ ಕನ್ನಡದಲ್ಲಿ ಎರಡೂ ಶುಂಠಿಯೇ. ಹಸಿ, ಒಣ ಎಂಬ ವಿಶೇಷಣಗಳು ಮಾತಿನ ಭರದಲ್ಲಿ ಉದುರಿಹೋಗುತ್ತವೆ. ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಧಾರವಾಡದ ಕಡೆಗೆ ಹೋದರೆ ಹಸಿಯದಕ್ಕೆ ‘ಅಲ್ಲ’ವೆಂಬ ಬೇರೆ ಹೆಸರೇ ಉಂಟು. ಆರ್ದ್ರ ಶಬ್ದವು ಪ್ರಾಕೃತದಲ್ಲಿ ‘ಅಲ್ಲ’ವಾದುದು ವಿದ್ವಾಂಸರಿಗೆ ತಿಳಿದುದೇ. ಸಂಸ್ಕೃತದ ವಿವೇಕವನ್ನು ಈ ಹಳ್ಳಿಯ ಮಾತು ಕಾಪಾಡಿಕೊಂಡಿದೆ. ವೈದ್ಯಗ್ರಂಥಗಳನ್ನು ಪಾಠ ಹೇಳುವವರು ಆರ್ದ್ರಕಕ್ಕೂ ಶುಂಠಿಗೂ ಒಂದೇ ಅರ್ಥವನ್ನು ಬರೆಯಿಸಿದರೆ ಈ ವಿವೇಕವು ಅಲ್ಲಿಗೆ ಮುಗಿಯಿತು. ರಸಾಯನಶಾಸ್ತ್ರವೂ ಈ ಭೇದವನ್ನು ಒಪ್ಪುತ್ತದೆ: ಹಸಿಯದರಲ್ಲಿ ಪ್ರಧಾನವಾಗಿರುವ ಜಿಂಜೆರಾಲಿನ ಒಂದಂಶವು ಒಣಗಿದಾಗ ನೀರನ್ನು ಕಳೆದುಕೊಂಡು ಶೋಗಾಲ್ ಆಗುತ್ತದೆ.

ಇನ್ನು ರೋಗದ ಮಾತು. ಆಂಟಿಬಯಾಟಿಕ್ಕು ರೋಗಾಣುಗಳೊಡನೆ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಕೊಲ್ಲುವುದರಿಂದ ಭೇದಿಯು ಹುಟ್ಟುತ್ತದೆ. ಅವುಗಳನ್ನು ಮರಳಿ ನೆಲೆಗೊಳಿಸುವ ಕೆಲಸವು ಶುಂಠಿಯಿಂದ ಸಿದ್ಧವಾಗಿಲ್ಲ. ಗರ್ಭಿಣಿಯರ ಓಕರಿಕೆಯನ್ನು ಅದು ತಗ್ಗಿಸುವುದೆಂಬುದಕ್ಕೆ ಪರೀಕ್ಷೆಗಳ ಆಧಾರವುಂಟು. ಓಕರಿಕೆಯಲ್ಲಿ ಕಂಡ ಫಲವನ್ನು ಭೇದಿಗೂ ಹಂಚುವುದು ಅತಿವ್ಯಾಪ್ತಿದೋಷ. ತೆರವಾದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್ ಎಂಬ ಅಣುಜೀವಿಯು ಬೆಳೆದರೆ, ಗುಳಿಗೆ ಮುಗಿದು ಕೆಲವು ವಾರಗಳಾದ ಮೇಲೂ ಭೇದಿಯು ಉಲ್ಬಣಿಸಿ ಪ್ರಾಣಾಪಾಯವಾಗಬಹುದು. ಜ್ವರದೊಡನೆ ಬರುವ ಭೇದಿ, ರಕ್ತ ಬೆರೆತ ಭೇದಿ, ಇವು ವೈದ್ಯರ ಬಳಿಗೆ ತಡಮಾಡದೆ ಹೋಗಬೇಕಾದ ಲಕ್ಷಣಗಳು. ಶ್ಲೋಕವನ್ನು ನಂಬಿ ಮನೆಯಲ್ಲಿ ಕುಳಿತವನಿಗೆ ಆ ಶ್ಲೋಕದ ಉಳಿದರ್ಧವನ್ನು ಯಾರೂ ಓದಿ ಹೇಳಿರುವುದಿಲ್ಲ: ಅಧೋಮಾರ್ಗದಿಂದ ರಕ್ತ ಹೋಗುವುದೂ ರಕ್ತಪಿತ್ತದ ಒಂದು ಬಗೆ, ರಕ್ತಪಿತ್ತದಲ್ಲಿಯೂ ಜ್ವರದಲ್ಲಿಯೂ ಆರ್ದ್ರಕವನ್ನು ಭಾವಮಿಶ್ರನು ಬೇಡವೆಂದೇ ಹೇಳಿದ್ದಾನೆ.